ಪ್ರೈಮರಿ ಕಾಂಪ್ಲೆಕ್ಸ್ ಮತ್ತು ಮೊಹರು ಹಾಕಿದ ಲಕೋಟೆ

ಸೌತ್ ಸ್ಯಾನ್ ಫ್ರಾನ್ಸಿಸ್ಕೋ

ಜುಲೈ 8, 2025, ಮಂಗಳವಾರ

ಗ್ರೀನ್ ಕಾರ್ಡ್ ಮೆಡಿಕಲ್‌ಗೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ನಮ್ಮ ಮಾಮೂಲಿ ಡಾಕ್ಟರ್ ನಡೆಯುವುದಿಲ್ಲ. ಸರ್ಕಾರ ಗೊತ್ತುಮಾಡಿದ ಸಿವಿಲ್ ಸರ್ಜನ್ ಆಗಬೇಕು. ಐ-693 ಫಾರಂ ತುಂಬಿ, ಲಕೋಟೆಗೆ ಮೊಹರು ಹಾಕಿ ಕೊಡುವವರು ಅವರೇ. ಕಳೆದ ಡಿಸೆಂಬರಿನಿಂದ ಅದು ಅರ್ಜಿಯ ಜೊತೆಗೇ ಹೋಗಬೇಕು.

ರಾತ್ರಿ ಹಾಸನಕ್ಕೆ ಫೋನ್ ಮಾಡಿ, ಚಿಕ್ಕಂದಿನಲ್ಲಿ ನನಗೆ ಏನೇನು ಕಾಯಿಲೆಯಾಗಿತ್ತು ಅಂತ ಅಮ್ಮನನ್ನು ಕೇಳಿದೆ.

"ಎರಡನೇ ಕ್ಲಾಸಲ್ಲಿ ಮೈಮೇಲೆ ಅಮ್ಮ ಎದ್ದಿತ್ತು. ಆಮೇಲೆ ಪ್ರೈಮರಿ ಕಾಂಪ್ಲೆಕ್ಸ್ ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ್ವಲ್ಲೇ, ಉಚ್ಚೆ ಕೆಂಪಗೆ ಹೋಗ್ತಿತ್ತು!"

ಪ್ರೈಮರಿ ಕಾಂಪ್ಲೆಕ್ಸ್ ಅಂದರೆ ಮಕ್ಕಳಿಗೆ ತಗಲುವ ಕ್ಷಯ. ಚೀಟಿ ಯಾವುದೂ ಉಳಿದಿಲ್ಲ. ಕೆಮ್ಮು ಬಿಡದ, ತೂಕ ಏರದ ನಮ್ಮ ಕಾಲದ ಎಷ್ಟು ಮಕ್ಕಳಿಗೆ ಆ ಹೆಸರು ಅಂಟಿತ್ತೋ.

ಜುಲೈ 9

"ಅದನ್ನೆಲ್ಲ ಯಾಕೆ ಬಾಯಿಬಿಡ್ತೀಯಾ? ಕ್ಷಯ ಅಂದರೆ ಮುಗೀತು" ಅಂತ ಇವರು. ನಿಯಮ ಓದಿದೆ. ತಡೆಯುವುದು ಸಕ್ರಿಯ ಕ್ಷಯ, ಚಿಕಿತ್ಸೆಯಾಗದ ಸಿಫಿಲಿಸ್, ಗೊನೊರಿಯಾದಂಥವು, ಮಾದಕ ವ್ಯಸನ, ಹಾಕಿಸದ ಲಸಿಕೆ. ಎಚ್‌ಐವಿಯನ್ನೂ 2010ರಲ್ಲಿ ಪಟ್ಟಿಯಿಂದ ತೆಗೆದರು. ಬಿಪಿ, ಥೈರಾಯ್ಡ್, ಕಿಡ್ನಿ ಕಲ್ಲಿಗೆ ಯಾರೂ ತಡೆಯುವುದಿಲ್ಲ. ಗೊತ್ತಿದ್ದೂ ಸುಳ್ಳು ಬರೆಸಿದರೆ ಮಾತ್ರ ಆ ಸುಳ್ಳೇ ಅಡ್ಡಿ. ಹೇಳಿಯೇ ಹೇಳುತ್ತೇನೆ.

ಜುಲೈ 14

ಹೇಳಿದೆ. ಡಾಕ್ಟರ್ ತಲೆ ಎತ್ತದೆ ಬರೆದುಕೊಂಡರು. ಸೀತಾಳೆ ಸಿಡುಬಿಗೆ ನನ್ನ ಮಾತೇ ಸಾಕಾಯಿತು. ಬಿಸಿಜಿ ಲಸಿಕೆ ಹಾಕಿಸಿಕೊಂಡವರ ತೋಳು ಕ್ಷಯದ ಚರ್ಮದ ಪರೀಕ್ಷೆಗೆ ಸುಮ್ಮನೆ ಊದಿಕೊಳ್ಳುತ್ತಿತ್ತು. ಈಗ ಮಾಡುವುದು ರಕ್ತಪರೀಕ್ಷೆ, ಅದಕ್ಕೆ ಬಿಸಿಜಿಯ ಗೊಂದಲವಿಲ್ಲ.

ಜುಲೈ 18

ಪಾಸಿಟಿವ್. ಎಕ್ಸ್‌ರೇಗೆ ಬರೆದುಕೊಟ್ಟರು. ಇವರು ಏನೂ ಮಾತಾಡಲಿಲ್ಲ, ಅದೇ ಹೆಚ್ಚು ಹಿಂಸೆ.

ಜುಲೈ 20, ಭಾನುವಾರ

ಮನೆಯಲ್ಲಿ ಕೂರಲಾಗದೆ ದೋಣಿ ಹತ್ತಿ ಏಂಜಲ್ ದ್ವೀಪಕ್ಕೆ ಹೋದೆವು. 1910ರಿಂದ 1940ರವರೆಗೆ ಶಾಂತಸಾಗರ ದಾಟಿ ಬಂದವರನ್ನು ತಡೆದು ಪರೀಕ್ಷಿಸುತ್ತಿದ್ದ ಜಾಗ. ಗೋಡೆಯ ಮರದ ಮೇಲೆ ಚೀನೀಯರು ಕೆತ್ತಿದ ಪದ್ಯಗಳು ಹಾಗೇ ಇವೆ. ಮಲ ಪರೀಕ್ಷಿಸಿ, ಕೊಕ್ಕೆಹುಳು ಕಂಡರೆ ತಡೆಹಿಡಿಯುತ್ತಿದ್ದರು; ಪಂಜಾಬಿನ ರೈತರನ್ನು ಹಾಗೆ ಹಿಂದಕ್ಕೆ ಕಳಿಸಿದ್ದಾರೆ. ಬರಿಗಾಲಲ್ಲಿ ಗದ್ದೆಗೆ ಇಳಿದವನ ಹೊಟ್ಟೆಯಲ್ಲಿ ಆ ಹುಳು ಇಲ್ಲದೆ ಇನ್ನೇನಿರುತ್ತದೆ? ಔಷಧಕ್ಕೆ ಹೋಗುವ ಹುಳು. ಬೇಡದವರನ್ನು ದೂರವಿಡಲು ಅದೊಂದು ನೆಪ ಅಂತಲೇ ನನ್ನ ಅಭಿಪ್ರಾಯ. 1917ರಲ್ಲಿ ನೆಪವೂ ಬೇಡವಾಗಿ, ಕಾನೂನೇ ಭಾರತದವರಿಗೆ ಬಾಗಿಲು ಮುಚ್ಚಿತು.

ಜುಲೈ 23

ಎಕ್ಸ್‌ರೇ ಶುದ್ಧ. ರೋಗವಿಲ್ಲ, ಸುಪ್ತ ಸೋಂಕು ಅಷ್ಟೆ. ಹಿಂದೆ ಔಷಧ ಮುಗಿಸಿದವರಲ್ಲೂ ರಕ್ತಪರೀಕ್ಷೆ ಪಾಸಿಟಿವ್ ಆಗಿಯೇ ಉಳಿಯಬಹುದಂತೆ. ಕೌಂಟಿ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ಬೇಕಿದ್ದರೆ ನಾಲ್ಕು ತಿಂಗಳು ರಿಫಾಂಪಿನ್ ತಗೊಳ್ಳಬಹುದು: ಅಮ್ಮ ಹೇಳಿದ, ಉಚ್ಚೆ ಕೆಂಪಾಗಿಸುವ ಅದೇ ಮಾತ್ರೆ. ಗ್ರೀನ್ ಕಾರ್ಡಿಗೆ ಅದು ಷರತ್ತಲ್ಲ.

ಫಾರಂನಲ್ಲಿ ಕ್ಲಾಸ್ ಬಿ ಅಂತ ಗುರುತು ಹಾಕಿದ್ದಾರೆ. ತಡೆಯುವುದು ಕ್ಲಾಸ್ ಎ. ಲಕೋಟೆ ನಾಳೆ ವಕೀಲರಿಗೆ ಹೋಗುತ್ತದೆ.