ಕೇಳುಗರ ಋಣ ಮರೆಯದ ದನಿ

ಬೇಸ್‌ಬಾಲ್ ನಮಗೆ ಅಷ್ಟಾಗಿ ತಿಳಿಯದು. ಆದರೆ ಅಂಗಡಿಯಲ್ಲಿ ರೇಡಿಯೋ ಹಚ್ಚಿ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಬೆಳೆದ ನಮಗೆ, ಅಮೆರಿಕದ ವಿನ್ ಸ್ಕಲ್ಲಿಯವರ ಬೀಳ್ಕೊಡುಗೆ ಮನಸ್ಸಿಗೆ ತಟ್ಟುತ್ತದೆ. 1950ರಿಂದ 67 ಹಂಗಾಮು ಅವರು ಡಾಡ್ಜರ್ಸ್ ತಂಡದ ಆಟವನ್ನು ವರ್ಣಿಸಿದರು. ಲಾಸ್ ಏಂಜಲೀಸ್‌ನಲ್ಲಿ ಆಟ ಕಣ್ಣೆದುರಿಗಿದ್ದರೂ ಅವರ ಮಾತಿಗಾಗಿ ಜನ ಮೈದಾನಕ್ಕೆ ಟ್ರಾನ್ಸಿಸ್ಟರ್ ತರುತ್ತಿದ್ದರು. 1974ರಲ್ಲಿ ಹ್ಯಾಂಕ್ ಆರನ್ 715ನೆಯ ಹೋಮ್‌ರನ್ ಹೊಡೆದು ದಾಖಲೆ ಮುರಿದಾಗ ಸ್ಕಲ್ಲಿ ಸುಮ್ಮನಾದರು. ಜನರ ಹರ್ಷೋದ್ಗಾರವನ್ನೇ ಕೇಳಿಸಿದರು.

2016ರ ಸೆಪ್ಟೆಂಬರ್ 25ರಂದು ತವರು ಮೈದಾನದ ಅಭಿಮಾನಿಗಳು ಅವರಿಗೆ ವಿದಾಯ ಹೇಳಿದರು. ಅಕ್ಟೋಬರ್ 2ರ ಕೊನೆಯ ಪ್ರಸಾರದಲ್ಲಿ, ಕೇಳುಗರಿಗೆ ತಾನು ಬೇಕಾದುದಕ್ಕಿಂತ ತನಗೆ ಕೇಳುಗರೇ ಹೆಚ್ಚು ಬೇಕಾಗಿದ್ದರೆಂದು ಅವರು ಹೇಳಿದರು. 2022ರಲ್ಲಿ ತೀರಿಕೊಂಡರು.

ಗಿರಾಕಿ ನಮ್ಮಿಂದಲ್ಲ, ಗಿರಾಕಿಯಿಂದ ನಾವು. ಗಲ್ಲಾಪೆಟ್ಟಿಗೆಯ ಮುಂದೆ ಕೂತಾಗ ನಾವಿದನ್ನು ಎಷ್ಟು ಸಲ ನೆನೆಯುತ್ತೇವೆ?