ಪ್ರಕೃತಿಯೋ ವಿಕೃತಿಯೋ

2024ರ ನವೆಂಬರ್ ಕೊನೆಯಲ್ಲಿ ಒಂದು ಸಂಜೆ, ರಾಜರಾಜೇಶ್ವರಿನಗರದ ನಮ್ಮ ಮನೆಗೆ ಆಯುರ್ವೇದ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಆಯುಷ್ ಸಚಿವಾಲಯದ ‘ದೇಶ್ ಕಾ ಪ್ರಕೃತಿ ಪರೀಕ್ಷಣ್’ ಅಭಿಯಾನದ ಕೆಲಸ. ಒಂದು ಕೋಟಿಗೂ ಹೆಚ್ಚು ಜನರ ದೇಹಪ್ರಕೃತಿಯನ್ನು ಆಗ ಹೀಗೆಯೇ ದಾಖಲಿಸಿದರು. ಹಸಿವು ಹೇಗೆ, ನಿದ್ದೆ ಹೇಗೆ, ಚರ್ಮ ಒಣಗುವುದೇ ಎಂದು ಕೇಳಿ ಮೊಬೈಲಿನಲ್ಲಿ ಗುರುತು ಹಾಕುತ್ತಿದ್ದಳು. “ತಾತ, ನಿಮ್ಮದು ವಾತ-ಪಿತ್ತ” ಎಂದಾಗ ನನ್ನ ಶ್ರೀಮತಿ ಅಡಿಗೆಮನೆಯಿಂದಲೇ ನಕ್ಕಳು. ಆ ನಗೆಗೆ ಕಾರಣವಿದೆ.

ನಿವೃತ್ತನಾದ ಹೊಸತರಲ್ಲಿ ನನಗೆ ಆಯುರ್ವೇದದ ಪುಸ್ತಕಗಳ ಗೀಳು ಹತ್ತಿತ್ತು. ಸುಶ್ರುತನು ಹೇಳುವ ಪ್ರಕೃತಿಗಳು ಏಳು: ಒಂದೊಂದು ದೋಷ ಪ್ರಧಾನವಾದವು ಮೂರು, ಎರಡೆರಡು ಕೂಡಿದವು ಮೂರು, ಸಮಪ್ರಕೃತಿ ಒಂದು. ಆಗಲೇ ಇವಳಿಗೆ ಆಲಸ್ಯ, ಮೈಭಾರ, ಬೇಸಿಗೆಯಲ್ಲೂ ಚಳಿ ಕಾಣಿಸಿಕೊಂಡವು. “ನಿನ್ನದು ಅಚ್ಚ ಕಫ ಪ್ರಕೃತಿ” ಎಂದು ತೀರ್ಪಿತ್ತು, ಮೊಸರು ಬಿಡಿಸಿ, ಶುಂಠಿ ಕಷಾಯ ಕುಡಿಸಿದೆ. ಒಂದೂವರೆ ವರ್ಷ! ಅವಳು ಸೋತು ಕುಳಿತಾಗ, “ಕಫದವರ ಸ್ವಭಾವವೇ ಹಾಗೆ” ಎಂದು ಹಗುರವಾಗಿ ಆಡಿದ್ದೂ ಉಂಟು.

ಕಡೆಗೆ ಕೆಂಗೇರಿಯ ಕಡೆಯ ವೃದ್ಧ ಪಂಡಿತರೊಬ್ಬರಲ್ಲಿಗೆ ಕರೆದೊಯ್ದೆ. ಅವರು ಎಡಗೈಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು. ತೋರುಬೆರಳಿಗೆ ವಾತ, ನಡುಬೆರಳಿಗೆ ಪಿತ್ತ, ಉಂಗುರಬೆರಳಿಗೆ ಕಫ. ಹಾವಿನಂತೆ ಹರಿಯುವುದು ವಾತನಾಡಿ, ಕಪ್ಪೆಯಂತೆ ನೆಗೆಯುವುದು ಪಿತ್ತನಾಡಿ, ಹಂಸದಂತೆ ನಡೆಯುವುದು ಕಫನಾಡಿ ಎಂಬ ಶಾರ್ಙ್ಗಧರನ ಮಾತನ್ನು ನಾನು ಅಧಿಕಪ್ರಸಂಗಿಯಾಗಿ ಒಪ್ಪಿಸಿದೆ. ಅವರು ಅದಕ್ಕೆ ಕಿವಿಗೊಡದೆ, “ಮೇಷ್ಟ್ರೇ, ಮದುವೆಯಾದಾಗಲೂ ಇವರು ಹೀಗೆಯೇ ಇದ್ದರೇ?” ಎಂದು ಕೇಳಿದರು.

ಇರಲಿಲ್ಲ. ಕಡ್ಡಿಯಂತಿದ್ದಳು, ಕೂಡಿಟ್ಟ ಕಾಲು ನಿಲ್ಲುತ್ತಿರಲಿಲ್ಲ.

“ಹಾಗಾದರೆ ಇದು ಪ್ರಕೃತಿಯಲ್ಲ, ವಿಕೃತಿ. ಪ್ರಕೃತಿ ಗರ್ಭದಲ್ಲೇ ನಿಶ್ಚಯವಾಗುವುದು. ನಡುವಯಸ್ಸಿನಲ್ಲಿ ಬಂದದ್ದು ರೋಗ. ಮೊದಲು ರಕ್ತಪರೀಕ್ಷೆ ಮಾಡಿಸಿ” ಎಂದರು. ಥೈರಾಯ್ಡ್ ಗ್ರಂಥಿ ಬಹಳ ಮಂದವಾಗಿತ್ತು. ಬೆಳಗಿನ ಬರಿಹೊಟ್ಟೆಯ ಆ ಪುಟ್ಟ ಮಾತ್ರೆ ಇಂದಿಗೂ ನಡೆದಿದೆ.

ಕೊರಿಯಾದಲ್ಲಿಯೂ ಇಂಥದೊಂದು ಪದ್ಧತಿ ಇದೆಯೆಂದು ಈಚೆಗೆ ಓದಿದೆ. ಲೀ ಜೆ-ಮಾ ಎಂಬ ವೈದ್ಯನು 1894ರಲ್ಲಿ ಬರೆದ ಗ್ರಂಥದಲ್ಲಿ ಮನುಷ್ಯರನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಒಬ್ಬರಿಗೆ ಹಿಡಿಸಿದ ಔಷಧ ಇನ್ನೊಬ್ಬರಿಗೆ ಹಿಡಿಸಬೇಕಿಲ್ಲ ಎಂದನಂತೆ. ವಿಂಗಡಣೆಯ ಬಗ್ಗೆ ನನ್ನ ತಕರಾರಿಲ್ಲ. ವಿಂಗಡಿಸಿದ ಮೇಲೆ ನೋಡುವುದನ್ನೇ ನಿಲ್ಲಿಸಿದ್ದು ನನ್ನ ತಪ್ಪು. ತರಗತಿಯಲ್ಲಿಯೂ ‘ಇವನು ಮಂದ’ ಎಂದು ಹಿಂದಿನ ಬೆಂಚಿಗೆ ಕಳಿಸಿದ ಹುಡುಗನಿಗೆ ಕರಿಹಲಗೆಯೇ ಕಾಣಿಸುತ್ತಿರಲಿಲ್ಲವೆಂದು ನನಗೆ ತಿಳಿದದ್ದು ಅವನು ಕನ್ನಡಕ ಹಾಕಿಕೊಂಡು ಬಂದ ದಿನ. ಇದನ್ನು ಅವನು ಓದುತ್ತಿದ್ದರೆ, ಕ್ಷಮಿಸಪ್ಪ.

ಆ ಹುಡುಗಿ ನಮ್ಮವಳದ್ದನ್ನೂ ದಾಖಲಿಸಲು ಹೊರಟಳು. ಶ್ರೀಮತಿ ಕೈಯೊರೆಸಿಕೊಂಡು ಎದುರಿಗೆ ಕುಳಿತು ಹೇಳಿದಳು:

“ಕೇಳಮ್ಮ, ಎಲ್ಲಕ್ಕೂ ನಾನೇ ಉತ್ತರ ಹೇಳುತ್ತೇನೆ. ಇವರನ್ನು ಮಾತ್ರ ಕೇಳಬೇಡ.”