ಕೊನೆಯ ಕೋಣೆಯವರೆಗೆ

ಹಿಪ್ಪರಗಿಯಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಕಟ್ಟಿರುವ ಬ್ಯಾರೇಜನ್ನು ಕಂಡಾಗಲೆಲ್ಲ ನನ್ನ ಮನಸ್ಸು ನೀರಿನ ರಾಶಿಗಿಂತ ಅದರ ಹಂಚಿಕೆಯನ್ನು ಕುರಿತು ಯೋಚಿಸುತ್ತದೆ. ಇಲ್ಲಿಯ ನೀರಾವರಿ ಯೋಜನೆಯಲ್ಲಿ ನದಿಯ ನೀರನ್ನು ಯಂತ್ರಗಳಿಂದ ಮೇಲೆತ್ತಿ ಕಾಲುವೆಗೆ ಬಿಡುತ್ತಾರೆ. ಮುಖ್ಯ ಕಾಲುವೆಯಿಂದ ವಿತರಣಾ ಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ ನೀರು ಇಳಿಯುತ್ತದೆ. ಮೊದಲ ಹೊಲ ತಣಿದು ಕೊನೆಯ ಹೊಲ ಬಾಯಾರಿದರೆ ಕಾಲುವೆ ತೋಡಿದ ಶ್ರಮ ಅಪೂರ್ಣವೇ ಸರಿ.

ಶಾಲೆಯೊಂದರ ಕಟ್ಟಡಕ್ಕೆ ಕಂಪ್ಯೂಟರ್ ಜಾಲದ ನಕ್ಷೆಯನ್ನು ಬರೆಯಲು ಕುಳಿತಾಗ ಈ ಕಾಲುವೆಗಳೇ ನನಗೆ ಗುರುಗಳಾದವು. ಆ ಶಾಲೆಯಲ್ಲಿ ಇದ್ದ ಕಂಪ್ಯೂಟರುಗಳು ಹದಿನಾರು ಮಾತ್ರ. ಆದರೆ ಶಾಲೆ ಬೆಳೆಯುತ್ತದೆ, ಕೊಠಡಿಗಳು ಹೆಚ್ಚುತ್ತವೆ. ಇಂದಿನ ಅಗತ್ಯವನ್ನಷ್ಟೇ ನೋಡಿ ಹೆಣೆದ ಜಾಲವನ್ನು ನಾಳೆ ಕಿತ್ತೆಸೆಯಬೇಕಾದೀತು.

ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು ಈಥರ್‌ನೆಟ್ ಎಂಬ ವಿಧಾನವನ್ನು ಕಲ್ಪಿಸಿ, ಡೇವಿಡ್ ಬಾಗ್ಸ್ ಅವರೊಡನೆ ಅದನ್ನು ರೂಪಿಸಿದರು. ಆಗ ಎಲ್ಲ ಯಂತ್ರಗಳಿಗೂ ಒಂದೇ ತಂತಿ. ಇಬ್ಬರು ಒಮ್ಮೆಗೇ ಮಾತನಾಡಿದರೆ ಮಾತು ಕಲಸಿಹೋಗುವಂತೆ ಸಂದೇಶಗಳು ಒಂದಕ್ಕೊಂದು ತಾಗಿ ಕೆಡುತ್ತಿದ್ದವು. ಅವನ್ನು ಮರಳಿ ಕಳುಹಿಸಬೇಕಾಗುತ್ತಿತ್ತು. ಯಂತ್ರಗಳು ಹೆಚ್ಚಿದಷ್ಟೂ ಈ ತೊಡಕು ಹೆಚ್ಚುತ್ತಿತ್ತು. ಮುಂದೆ ಬಂದ ಸ್ವಿಚ್ ಎಂಬ ಸಾಧನವು ಪ್ರತಿಯೊಂದು ಯಂತ್ರಕ್ಕೂ ಬೇರೆ ದಾರಿಯನ್ನು ಕೊಟ್ಟು, ಸಂದೇಶವನ್ನು ಅದು ಸಲ್ಲಬೇಕಾದಲ್ಲಿಗೇ ತಲುಪಿಸತೊಡಗಿತು.

ಆದುದರಿಂದ ನನ್ನ ನಕ್ಷೆ ಮರದ ಆಕಾರವನ್ನು ತಾಳಿತು. ಬುಡದಲ್ಲಿ ಒಂದು ಪ್ರಧಾನ ಸ್ವಿಚ್. ಪ್ರತಿ ಮಹಡಿಗೂ ಒಂದು ಉಪಸ್ವಿಚ್. ಅಲ್ಲಿಂದ ಕೊಠಡಿಗಳಿಗೆ ತಂತಿಗಳು. ತಾಮ್ರದ ತಂತಿಯ ಮಿತಿ 100 ಮೀಟರು. ಅದಕ್ಕೂ ದೂರದ ಕಟ್ಟಡಕ್ಕೆ ಬೆಳಕನ್ನು ಒಯ್ಯುವ ಗಾಜಿನ ಎಳೆ ಬೇಕು. ಗಾಜು ವಿದ್ಯುತ್ತನ್ನು ಹರಿಸದಾದ್ದರಿಂದ ಸಿಡಿಲಿನ ಆಘಾತ ಆ ಎಳೆಯ ಮೂಲಕ ದಾಟಿ ಬರದು. ಹದಿನಾರು ಯಂತ್ರಗಳಿದ್ದರೂ 24 ದ್ವಾರಗಳ ಸ್ವಿಚ್ಚನ್ನೇ ಆರಿಸಿದೆ. ಗೋಡೆಯೊಳಗೆ ಒಂದೆರಡು ಬರಿದಾದ ಕೊಳವೆಗಳನ್ನೂ ಹುದುಗಿಸಲು ಸೂಚಿಸಿದೆ. ಹೊಸ ಮಹಡಿ ಎದ್ದಾಗ ಒಂದು ಕೊಂಬೆ ಕೂಡಿಕೊಂಡರೆ ಸಾಕು. ಉಳಿದ ಕೊಂಬೆಗಳು ಅಲುಗಬೇಕಿಲ್ಲ. ಹೊಲಕ್ಕೆ ಬದು ಹಾಕುವಂತೆ, ಅಂಕಪಟ್ಟಿಗಳಿರುವ ಕಚೇರಿಯ ಜಾಲವನ್ನು ಪ್ರಯೋಗಾಲಯದ ಜಾಲದಿಂದ ಬೇರ್ಪಡಿಸಿದೆ.

ನೀರಿಗೂ ಅರಿವಿಗೂ ಒಂದು ಭೇದವುಂಟು. ಒಬ್ಬ ಕುಡಿದ ನೀರು ಇನ್ನೊಬ್ಬನಿಗಿಲ್ಲ. ಒಬ್ಬ ಓದಿದ ಪಾಠ ಎಲ್ಲರಿಗೂ ಉಳಿದೇ ಇರುತ್ತದೆ. ಆದರೆ ಪಾಠ ಸಾಗುವ ದಾರಿಗೆ ಮಿತಿಯುಂಟು. ನಲವತ್ತು ಮಂದಿ ಒಮ್ಮೆಗೇ ಚಲನಚಿತ್ರದ ಪಾಠವನ್ನು ನೋಡತೊಡಗಿದರೆ ಮುಖ್ಯ ತಂತಿಯಲ್ಲಿ ಇಕ್ಕಟ್ಟಾಗುತ್ತದೆ. ಕೊಂಬೆಗಳ ವೇಗ ಸೆಕೆಂಡಿಗೆ 1 ಗಿಗಾಬಿಟ್ ಆದರೆ ಕಾಂಡದ ವೇಗ 10 ಗಿಗಾಬಿಟ್ ಇರುವುದು ಲೇಸು.

ಜಾಲವು ಎಷ್ಟು ಒಳ್ಳೆಯದೆಂಬುದನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕುಳಿತು ಅಳೆಯಲಾಗದು. ಮೂಲೆಯ ಕೋಣೆಯಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತ ಬಾಲಕಿಗೂ ಪಾಠವು ತಡೆಯಿಲ್ಲದೆ ತಲುಪಬೇಕು. ಬೆಳವಣಿಗೆಗೆ ಎಡೆಯಿರಿಸುವುದೆಂದರೆ ಇನ್ನೂ ಶಾಲೆಗೆ ಬಾರದ ಮಕ್ಕಳಿಗಾಗಿ ಇಂದೇ ಸ್ಥಳವನ್ನು ಕಾದಿರಿಸುವುದು.